ಕೆರೆಯ ಮೇಲೆ ಕೆನೆ

ಪಕ್ಕದ ಮನೆಯ ಅಜ್ಜ ಹವಾಮಾನ ನೋಡುವ ರೀತಿಯೇ ಬೇರೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದ ನಮ್ಮಂಥವರು ನೋಡುವುದು ಚಳಿ ಎಷ್ಟು ಡಿಗ್ರಿ ಅಂತ. ಸ್ವೆಟರ್ ಒಂದೋ ಎರಡೋ, ಅಷ್ಟು ಗೊತ್ತಾದರೆ ಸಾಕು. ಅಜ್ಜ ನೋಡುವುದು ಗಾಳಿಯನ್ನು. ನವೆಂಬರ್ ಬಂತೆಂದರೆ ಸಂಜೆ ಅಂಗಳಕ್ಕೆ ಬಂದು ಕಂಬದ ಮೇಲಿನ ಬಾವುಟ ನೋಡುತ್ತಾ ನಿಲ್ಲುತ್ತಾರೆ. ಬಾವುಟ ಪಟಪಟ ಅಂದರೆ ಮುಖ ಅರಳುತ್ತದೆ. ಜೋತು ಬಿತ್ತೋ, ಮುಗೀತು. "ಇವತ್ತು ರಾತ್ರಿ ಕೆರೆ ಮುಚ್ಚುತ್ತೆ" ಅಂತ, ಅಂಗಡಿ ಬಾಗಿಲು ಹಾಕುವ ಸುದ್ದಿ ಹೇಳಿದ ಹಾಗೆ ಹೇಳಿ ಒಳಗೆ ಹೋಗುತ್ತಾರೆ. ಮುಚ್ಚುವುದು ಅಂದರೆ ನೀರಿನ ಮೇಲೆ ಐಸು ಕಟ್ಟುವುದು.

(ಇಲ್ಲಿ ಎಷ್ಟು ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಹೊರಳುವುದಿಲ್ಲ. ಎದುರಿಗೆ ಹೆಸರನ್ನು ಅರ್ಧ ನುಂಗಿ ಮಾತಾಡುತ್ತೇನೆ. ಮನಸ್ಸಿನಲ್ಲಿ ಅವರು ಅಜ್ಜನೇ.)

ಅಜ್ಜ ಬಾತು ಬೇಟೆಯವರು. ನಾನೋ ಬಂದೂಕು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವವನು. ಆದರೂ ವರ್ಷಕ್ಕೊಂದು ಸಲ ಅವರ ಜೊತೆ ಹೋಗುತ್ತೇನೆ. ದೋಣಿಯ ಒಂದು ತುದಿ ಹೊರುವುದು, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುವುದು, ಸುಮ್ನೆ ಕೂರುವುದು ನನ್ನ ಕೆಲಸ. ಮೂರನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಿನ್ನೆಸೋಟದ ಕಾರುಗಳ ನಂಬರ್ ಪ್ಲೇಟಿನ ಮೇಲೆ '10,000 ಕೆರೆಗಳು' ಅಂತ ಬರೆದಿರುತ್ತದೆ. ಹತ್ತು ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ 11,842 ಇವೆಯಂತೆ. ಇದ್ದದ್ದಕ್ಕಿಂತ ಕಡಿಮೆ ಹೇಳಿಕೊಳ್ಳುವ ಸರ್ಕಾರವನ್ನು ನಾನು ಕಂಡಿದ್ದು ಇದೊಂದೇ. ಪಶ್ಚಿಮದ ಬಯಲಿಗೆ ಹೋದರೆ ಈ ಲೆಕ್ಕಕ್ಕೆ ಸಿಗದ ಸಣ್ಣ ಕೆರೆಗಳು ಇನ್ನೂ ಜಾಸ್ತಿ. ನಮ್ಮ ಕೆರೆಗಳ ಹಾಗೆ ಯಾರೋ ಏರಿ ಹಾಕಿ ಕಟ್ಟಿಸಿದವಲ್ಲ. ಸಾವಿರಾರು ವರ್ಷಗಳ ಹಿಂದೆ ಹಿಮನದಿಗಳು ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಗುಂಡಿಗಳು. ಅಯೋವಾದಿಂದ ಕೆನಡಾದ ಆಲ್ಬರ್ಟಾದವರೆಗೂ ಇಂಥವೇ. ಎಷ್ಟೋ ಕಡೆ ನೀರು ಸೊಂಟದ ಮಟ್ಟ. ಸುತ್ತ ಜೊಂಡು, ಕೆಳಗೆ ಕೆಸರು. ಬಾತುಗಳಿಗೆ ಅದೇ ಬೇಕು. ಮೊಟ್ಟೆಯಿಟ್ಟು ಮರಿ ಮಾಡುವುದೂ ಇಲ್ಲೇ, ದಕ್ಷಿಣಕ್ಕೆ ಹೋಗುವಾಗ ಇಳಿದು ಮೇಯುವುದೂ ಇಲ್ಲೇ.

ಆಳವಿಲ್ಲದ ನೀರಿಗೆ ಚಳಿ ಬೇಗ ಹತ್ತುತ್ತದೆ. ಬಸಿಗೆ ಸುರಿದ ಕಾಫಿ ಆರಿದ ಹಾಗೆ. ಬಚ್ಚಲುಮನೆಯ ಹಂಡೆಯಲ್ಲಿ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತಿತ್ತಲ್ಲ, ಇಲ್ಲಿಯ ಆಳವಾದ ಸುಪೀರಿಯರ್ ಸರೋವರ ಆ ಜಾತಿಯದು. ಅದು ಪೂರ್ತಿ ಹೆಪ್ಪುಗಟ್ಟುವುದೇ ಅಪರೂಪ. ನೀರಿಗೊಂದು ವಿಚಿತ್ರ ಗುಣ ಬೇರೆ ಇದೆ. ಅದು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಯವರೆಗೆ ಮೇಲಿನ ನೀರು ತಣ್ಣಗಾದಂತೆಲ್ಲ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಇಡೀ ಕೆರೆ 4ಕ್ಕೆ ಬಂದ ಮೇಲೆ ಆಟ ತಿರುಗುತ್ತದೆ. ಇನ್ನೂ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಆಮೇಲೆ ಒಂದು ನಿಶ್ಶಬ್ದ ರಾತ್ರಿ ಸಿಕ್ಕರೆ ಸಾಕು.

ಆ ನಿಶ್ಶಬ್ದ ಕೊಡದಿರುವುದು ಗಾಳಿ. ಚಳಿಗಾಳಿ ಬೀಸಿದರೆ ಕೆರೆ ಬೇಗ ಗಟ್ಟಿಯಾಗಬೇಕು ಅಂತ ನಾನು ಅಂದುಕೊಂಡಿದ್ದೆ. ಅಜ್ಜ ತಲೆ ಅಲ್ಲಾಡಿಸಿದರು. ನನಗೆ ಅರ್ಥವಾಗಿದ್ದು ಅಮ್ಮನ ಹಾಲಿನ ಲೋಟ ನೆನಪಾದಾಗ. ಚಿಕ್ಕವನಿದ್ದಾಗ ಹಾಲಿನ ಮೇಲೆ ಕೆನೆ ಕಂಡರೆ ನಾನು ಲೋಟ ಮುಟ್ಟುತ್ತಿರಲಿಲ್ಲ. ಅದಕ್ಕೆ ಅಮ್ಮ ಎರಡು ಲೋಟ ಹಿಡಿದು, ಒಂದರಿಂದ ಇನ್ನೊಂದಕ್ಕೆ ಎತ್ತಿ ಹುಯ್ಯುತ್ತಲೇ ಇರುತ್ತಿದ್ದಳು. ಹಾಲು ಆರುತ್ತಿತ್ತು, ಕೆನೆ ಮಾತ್ರ ಕಟ್ಟುತ್ತಿರಲಿಲ್ಲ. ಒಲೆಯ ಮೇಲಿನ ಬೇಳೆ ಉಕ್ಕಿತು ಅಂತ ಅವಳು ಲೋಟ ಕೆಳಗಿಟ್ಟು ಎದ್ದರೆ, ವಾಪಸ್ ಬರುವಷ್ಟರಲ್ಲಿ ಕೆನೆ ಹಾಜರು.

ಗಾಳಿಯೂ ಅಷ್ಟೇ. ನೀರನ್ನು ಎತ್ತಿ ಹುಯ್ಯುತ್ತಾ ಕೆನೆ ಕಟ್ಟಲು ಬಿಡುವುದಿಲ್ಲ. ಆದರೆ ಅದೇ ಹೊತ್ತಿಗೆ ನೀರಿನ ಬಿಸಿಯನ್ನೆಲ್ಲ ಕದ್ದು ಒಯ್ಯುತ್ತಿರುತ್ತದೆ. ಎರಡು ದಿನ ಬೀಸಿ ಬೀಸಿ ಕೆರೆಯನ್ನು ಸೊನ್ನೆಯ ಅಂಚಿಗೆ ತಂದು ನಿಲ್ಲಿಸಿ, ಮೂರನೇ ಸಂಜೆ ತಾನು ಮಲಗಿಬಿಡುತ್ತದೆ. ಮೋಡವಿಲ್ಲದ ರಾತ್ರಿಯಾದರೆ ಮಿಕ್ಕ ಬಿಸಿಯೂ ಆಕಾಶಕ್ಕೆ. ಬೆಳಿಗ್ಗೆ ಎದ್ದರೆ ಕೆರೆ ಕನ್ನಡಿ. ಬಯ್ಯುವುದಾದರೆ ಎಲ್ಲರೂ ಬಯ್ಯುವುದು ಚಳಿಯನ್ನು!

ಗಾಳಿ ಇರುವಾಗಲೇ ಚಳಿ ಅತಿಯಾದರೆ ಇನ್ನೊಂದು ಬಗೆ. ನೀರಿನೊಳಗೆಲ್ಲ ಸಣ್ಣ ಸಣ್ಣ ಹರಳು ಹುಟ್ಟಿ ಕೆರೆ ಐಸ್ ಗೋಲಾದ ಹಾಗಾಗುತ್ತದೆ. ಅದನ್ನೆಲ್ಲ ಗಾಳಿ ಎದುರು ದಡಕ್ಕೆ ತಳ್ಳಿ ಗುಡ್ಡೆ ಹಾಕುತ್ತದೆ. ಆ ರಾಡಿಯ ಮೇಲೆ ಅಲೆಯೂ ಏಳುವುದಿಲ್ಲ, ದೋಣಿಯೂ ಸಾಗುವುದಿಲ್ಲ. ಇನ್ನು ಗಾಳಿ ಬರುವ ಕಡೆಯ ದಡದಲ್ಲಿ ಜೊಂಡಿನ ಮರೆ ಇರುತ್ತದಲ್ಲ, ಅಲ್ಲಿ ನೀರು ಅಲ್ಲಾಡದೆ ಮೊದಲು ಮುಚ್ಚಿಕೊಳ್ಳುತ್ತದೆ. ನಡುವಿನ ಬಯಲು ನೀರು ಕೊನೆಗೆ. ಬಾತುಗಳಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ನಡುವಿಗೆ ಸರಿದು, ಕಾಲಾಡಿಸಿ ನೀರು ಕಲಕುತ್ತಾ ಒಂದು ಗುಂಡಿಯನ್ನು ಆದಷ್ಟು ದಿನ ತೆರೆದಿಡುತ್ತವೆ. ಅದೂ ಮುಚ್ಚಿದರೆ ದಕ್ಷಿಣದ ದಾರಿ.

ಈ ಗಾಳಿಯ ಮೇಲೆ ಇಲ್ಲಿಯ ಹಳೆಯ ಬೇಟೆಗಾರರಿಗೆ ಪ್ರೀತಿ ಎಷ್ಟೋ ಭಯವೂ ಅಷ್ಟೇ. 1940ರ ನವೆಂಬರ್ 11ರ ಬೆಳಿಗ್ಗೆ ಹಿತವಾದ ಹವೆ ಇತ್ತು. ಜನ ತೆಳು ಕೋಟು ಹಾಕಿಕೊಂಡು ಜೌಗಿಗೆ, ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ಹೋದರು. ಬಾತುಗಳು ಹಿಂಡುಹಿಂಡಾಗಿ ಬಂದವು. ಅವು ಬಿರುಗಾಳಿಯ ಮುಂದೆ ಓಡಿ ಬರುತ್ತಿದ್ದವು ಅನ್ನುವುದು ಆಮೇಲೆ ಗೊತ್ತಾಯಿತು. ಮಳೆ, ಹಿಂದೆಯೇ ಹಿಮ. ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಕುಸಿಯಿತು. ದಡಕ್ಕೆ ಬರೋಣವೆಂದರೆ ಅಲೆ ದೋಣಿ ಬಿಡಲು ಕೊಡಲಿಲ್ಲ. ಮಿನ್ನೆಸೋಟದಲ್ಲೇ 49 ಮಂದಿ ಸತ್ತರು. ಅವರಲ್ಲಿ ಅರ್ಧದಷ್ಟು ಜನ ಬಾತು ಬೇಟೆಗೆ ಹೋದವರು. ಈ ಕಥೆ ಹೇಳುವಾಗ ಮಾತ್ರ ಅಜ್ಜ ತಮಾಷೆ ಮಾಡುವುದಿಲ್ಲ. ನನ್ನ ಜಾಕೆಟ್ಟಿನ ಜಿಪ್ಪನ್ನು ತಾವೇ ಒಮ್ಮೆ ಮೇಲೆಳೆದು ನೋಡುತ್ತಾರೆ.

ಹೋದ ಸಲ ನಾವು ಹೋದದ್ದು ಬಾವುಟ ಜೋತುಬಿದ್ದ ಮಾರನೆಯ ಬೆಳಿಗ್ಗೆ. ಕೆರೆ ದಡದಿಂದ ದಡಕ್ಕೆ ಮುಚ್ಚಿತ್ತು. ಬೆರಳಿನ ಅರ್ಧ ದಪ್ಪ ಅಷ್ಟೇ. ಕಾಲಿಟ್ಟರೆ ಒಳಗೆ, ದೋಣಿ ಬಿಟ್ಟರೆ ತಡೆ. ನಾನೊಂದು ಕಲ್ಲು ಎಸೆದೆ. ಅದು ಜಾರುತ್ತಾ ಹೋದಂತೆ ಐಸು ಹಕ್ಕಿಯ ಹಾಗೆ ಕೀಂವ್ ಕೀಂವ್ ಅಂತ ಕೂಗಿತು. ಇನ್ನೊಂದು ಎಸೆದೆ. ಅಜ್ಜ ಕಣ್ಣಲ್ಲೇ ಗದರಿಸಿದರು.

ಮೊಣಕೈಗಿಂತ ಮೇಲೆ ಬರುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅವರು ಐಸನ್ನು ಬಾಗಿಲಿನಷ್ಟು ದೊಡ್ಡ ಹಾಳೆಗಳಾಗಿ ಒಡೆದರು. ಒಂದೊಂದನ್ನೂ ಪಕ್ಕದ ಐಸಿನ ಅಡಿಗೆ ತೂರಿಸಿದರು. ಚೂರು ಚೂರು ಮಾಡಿದರೆ ಅವೆಲ್ಲ ಅಲ್ಲೇ ತೇಲಿ ಮತ್ತೆ ಅಂಟಿಕೊಳ್ಳುತ್ತವಂತೆ. ಹೀಗೆ ಮಾಡಿದರೆ ನೀರು ಕಪ್ಪಗೆ, ಚೊಕ್ಕವಾಗಿ ಕಾಣುತ್ತದೆ. ಅದರಲ್ಲಿ ಒಂದು ಡಜನ್ ಪ್ಲಾಸ್ಟಿಕ್ ಬಾತು ಬಿಟ್ಟು ಜೊಂಡಿನೊಳಗೆ ಕೂತೆವು.

ಕೂತಾಗ ಮಾಗಡಿ ಕೆರೆ ನೆನಪಾಯಿತು. ಗದಗ ಜಿಲ್ಲೆಯದು. ಮಧ್ಯ ಏಷ್ಯಾದ ಕಡೆ ಚಳಿಗೆ ನೀರು ಕಲ್ಲಾಗುವ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಸೂಜಿಬಾಲದ ಬಾತು ಇಲ್ಲೂ ಇದೆ, ನಮ್ಮ ಕೆರೆಗಳಿಗೂ ಬರುತ್ತದೆ. ಊರಿನಲ್ಲಿ ಅವನ್ನು 'ಬಂದವು' ಅನ್ನುತ್ತೇವೆ. ಇಲ್ಲಿ 'ಹೋದವು' ಅನ್ನುತ್ತಾರೆ. ಹೋಗುವ ತುದಿಯಲ್ಲಿ ಕೂತಿದ್ದೇನೆ ಅಂತ ನನಗೆ ಹೊಳೆದದ್ದು ಅದೇ ಮೊದಲು.

ಒಂಬತ್ತರ ಸುಮಾರಿಗೆ ಐದಾರು ಮ್ಯಾಲರ್ಡ್ ಬಾತುಗಳು ಒಂದು ಸುತ್ತು ಹಾಕಿದವು. ಅಜ್ಜ ಬಂದೂಕು ಎತ್ತಿದರು. ನಾನು ಕಿವಿ ಮುಚ್ಚಿ ಕಣ್ಣನ್ನೂ ಮುಚ್ಚಿದೆ. ಢಂ ಅನ್ನಲಿಲ್ಲ. ಕಣ್ಣು ಬಿಟ್ಟರೆ ಬಂದೂಕು ಅವರ ತೊಡೆಯ ಮೇಲಿತ್ತು. ಅವರು ನೋಡುತ್ತಿದ್ದುದು ಜೊಂಡಿನ ತುದಿಯನ್ನು. ಅದು ಅಲ್ಲಾಡುತ್ತಿತ್ತು.

"ಬಂತು ನೋಡು" ಅಂದರು. ಬಾತುಗಳು ಆಗಲೇ ಗುಡ್ಡದಾಚೆ ಹೋಗಿಯಾಗಿತ್ತು.

ಕೆರೆಯ ಆ ತುದಿಯಲ್ಲಿ ಏನೋ ಗಾಜು ಬಿರಿದ ಸದ್ದಾಯಿತು. ನಮ್ಮ ಪ್ಲಾಸ್ಟಿಕ್ ಬಾತುಗಳು ಒಂದೊಂದಾಗಿ ತಲೆ ಆಡಿಸತೊಡಗಿದವು. ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಆಗ ನೆನಪಾಯಿತು. ಕಾಫಿ ಮೇಲೆ ಕೆನೆ ಕಟ್ಟಿತ್ತು. ಉಫ್ ಅಂತ ಊದಿದೆ. ಅದು ಆಚೆ ಅಂಚಿಗೆ ಹೋಗಿ ಮುದುಡಿಕೊಂಡಿತು. ಈಚೆ ಕಡೆಯಿಂದ ಕುಡಿದೆ.