ಬಿಲ್ ಇಲ್ಲದ ಯೀಸ್ಟ್

ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ನಮ್ಮ ವಿಜಯಪುರ. ಹಾಗಾಗಿ ದ್ರಾಕ್ಷಿಯ ಬಗ್ಗೆ ಭಾಷಣವೂ ಇಲ್ಲಿ ಹುಲುಸಾಗಿ ಬೆಳೆಯುತ್ತದೆ. ಅದಕ್ಕೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಬೇಡ, ಬೋರ್‌ವೆಲ್ ನೀರೂ ಬೇಡ. "ರೈತರು ಮೌಲ್ಯವರ್ಧನೆ ಮಾಡಬೇಕು" ಅನ್ನುವ ಮಾತು ಮಳೆ ಕೈಕೊಟ್ಟ ವರ್ಷವೂ ಬಂಪರ್ ಬರುತ್ತದೆ. 2007ರಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡಿತು, ಅದೇ ವರ್ಷ ವೈನ್ ನೀತಿಯನ್ನೂ ತಂದಿತು. ತೊರವಿ ಹತ್ತಿರ ವೈನ್ ಪಾರ್ಕ್ ಬರುತ್ತದೆ ಅಂತ ಕೇಳುತ್ತಾ ಬೆಳೆದ ಹುಡುಗರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ.

ಇಂಥ ಭಾಷಣವನ್ನು ನಿಜ ಅಂತ ನಂಬಿದ ಒಬ್ಬ ಬೆಳೆಗಾರರು ತಿಕೋಟಾ ಕಡೆ ಇದ್ದಾರೆ ಅಂತ ಇಟ್ಟುಕೊಳ್ಳಿ. ಕಾಕಾ ಅನ್ನೋಣ. ಮಣೂಕ ಮಾಡಿ ಮಾಡಿ ಅವರಿಗೆ ಸಾಕಾಗಿದೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ರೇಟು ಬಿದ್ದ ವರ್ಷ ಶೆಡ್ಡಿನ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ ಎರಡು ಎಕರೆ ಶಿರಾಜ್ ಹಚ್ಚಿದರು. ಕರಿ ಹಣ್ಣು, ದಪ್ಪ ಸಿಪ್ಪೆ. ವೈನ್ ಮಾಡಲು ಲೈಸೆನ್ಸೂ ಪಡೆದರು. ಅದರ ಕಥೆ ಬೇಡ, ಅದಕ್ಕೆ ಬೇರೆ ಪುರಾಣವೇ ಬೇಕು.

ಕಾಕಾ ವೈನ್ ಮಾಡುವ ರೀತಿ ಬಹಳ ಸರಳ. ಗೊಂಚಲುಗಳನ್ನು ಕಡ್ಡಿ ಸಮೇತ ಸ್ಟೀಲ್ ಟ್ಯಾಂಕಿಗೆ ಸುರಿದು ಮುಚ್ಚಳ ಹಾಕುತ್ತಾರೆ. ಮೇಲಿನ ಭಾರಕ್ಕೆ ಕೆಳಗಿನ ಹಣ್ಣು ಒಡೆದು ರಸ ಬಿಡುತ್ತದೆ. ಸಿಪ್ಪೆಯ ಮೇಲೆ, ಶೆಡ್ಡಿನ ಮೂಲೆಯಲ್ಲಿ ಮೊದಲಿನಿಂದಲೂ ಇರುವ ಯೀಸ್ಟ್ ಆ ರಸದ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಗ್ಯಾಸ್ ಬಿಡುತ್ತದೆ. ಗ್ಯಾಸ್ ತುಂಬಿದ ಟ್ಯಾಂಕಿನಲ್ಲಿ ಒಡೆಯದೆ ಉಳಿದ ಹಣ್ಣು ಕೂಡ ತನ್ನೊಳಗೇ ಹುದುಗಲು ಶುರುವಾಗುತ್ತದೆ. ಫ್ರಾನ್ಸಿನ ಬೋಜೊಲೆ ಸೀಮೆಯವರು ಇದೇ ದಾರಿಗೆ ಹೆಸರುವಾಸಿ. ಈ ಕೆಂಪು ವೈನಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ, ಕೆಲವೇ ತಿಂಗಳಲ್ಲಿ ಕುಡಿಯಬಹುದು. ಒಗರು ಕಡಿಮೆ, ಹಣ್ಣಿನ ಘಮ ಜಾಸ್ತಿ. ಸೋಸುವುದಿಲ್ಲವಾದ್ದರಿಂದ ಸ್ವಲ್ಪ ಮಬ್ಬು. ತಣ್ಣಗೆ ಮಾಡಿಕೊಂಡರೆ ನಮ್ಮ ಬೇಸಿಗೆಗೂ ನಡೆಯುತ್ತದೆ. ಹೊರಗಿನ ಯೀಸ್ಟ್ ಇಲ್ಲ, ಬಣ್ಣ ಇಲ್ಲ, ಕೆಡದಂತೆ ಹಾಕುವ ಗಂಧಕದ ಪುಡಿ ಇಲ್ಲ.

ಕಾಕಾ ಸಿಕ್ಕಿಬಿದ್ದದ್ದು ಇಲ್ಲೇ. ಲೇಬಲ್ ಮಂಜೂರಾತಿಯ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಸೇರಿಸಿದ ಪದಾರ್ಥಗಳ ವಿವರ.

"ಏನೇನ್ ಹಾಕೀರಿ ಕಾಕಾ?" ಅಂತ ಅಬಕಾರಿ ಸಾಹೇಬರು ಕೇಳಿದರು.

"ದ್ರಾಕ್ಷಿ ಹಾಕೀನ್ರಿ."

"ಅದು ಗೊತ್ತಾತು. ಮತ್ತೇನ್ ಹಾಕೀರಿ?"

"ಮತ್ತೇನಿಲ್ರಿ."

"ಮತ್ತ ನಿಶಾ ಹ್ಯಾಂಗ ಬರ್ತೈತಿ?"

"ಯೀಸ್ಟ್ ಮಾಡ್ತೈತ್ರಿ."

ಸಾಹೇಬರ ಮುಖ ಅರಳಿತು. "ಹಾಂ! ಯೀಸ್ಟ್ ಎಲ್ಲಿ ತಂದ್ರಿ? ಬಿಲ್ ತೋರಸ್ರಿ."

"ತಂದಿಲ್ರಿ ಸಾಹೇಬ್ರ. ಹಣ್ಣಿನ ಮ್ಯಾಲ ಇರ್ತೈತ್ರಿ."

"ಯಾರ್ ಇಟ್ಟಾರ?"

ಕಾಕಾ ಮೇಲೆ ನೋಡಿದರು. ಸಾಹೇಬರೂ ಮೇಲೆ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಮೇಲಿನವನ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲ.

"ಮಣೂಕಕ್ಕ ಗಂಧಕದ ಹೊಗಿ ಕೊಡ್ತೀರಿ, ಬಂಗಾರದಂಥ ಬಣ್ಣ ಬರ್ತೈತಿ. ಇದಕ್ಕ ಯಾಕ ಗಂಧಕ ಹಾಕೂದಿಲ್ಲ? ಏನೋ ಮುಚ್ಚಿಡಾಕತ್ತೀರಿ" ಅಂದರು ಸಾಹೇಬರು. ಅವರನ್ನು ಬಯ್ದು ಫಲವಿಲ್ಲ. ಖಾಲಿ ಕಾಲಂ ಇರುವ ಅರ್ಜಿಯನ್ನು ಮುಂದಿನ ಟೇಬಲ್ಲಿಗೆ ಕಳಿಸಿದರೆ ನಾಳೆ ಆಡಿಟ್‌ನಲ್ಲಿ ಕೇಳುವುದು ಅವರನ್ನೇ.

ಹಾಗಂತ ಇಲಾಖೆಗಳು ಕುಡಿಯುವ ಪದಾರ್ಥಕ್ಕೆ ವಿರೋಧಿ ಅಂದುಕೊಳ್ಳಬೇಡಿ. ಪಕ್ಕದ ಬಾಗಲಕೋಟೆ, ಬೆಳಗಾವಿ ಕಡೆ ನೋಡಿ. ಎಲ್ಲಿ ನೋಡಿದರೂ ಸಕ್ಕರೆ ಕಾರ್ಖಾನೆ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ, ಕಾಕಂಬಿಯಿಂದ ಸ್ಪಿರಿಟ್ ಬರುತ್ತದೆ. ಅಂಥ ಸ್ಪಿರಿಟ್ಟಿಗೆ ನೀರು, ಕ್ಯಾರಮೆಲ್ ಬಣ್ಣ, ಒಂದಿಷ್ಟು ಪರಿಮಳ ಸೇರಿಸಿದರೆ ದೇಶದ ಅಗ್ಗದ ವಿಸ್ಕಿ ರೆಡಿ. ವಿಸ್ಕಿ ಅಂದರೆ ಧಾನ್ಯದಿಂದಲೇ ಆಗಬೇಕು ಅಂತ ಯುರೋಪಿನವರು ಹಟ ಹಿಡಿದು, ಕಾಕಂಬಿ ಸರಕನ್ನು ಆ ಹೆಸರಲ್ಲಿ ಮಾರಲು ಬಿಡುವುದಿಲ್ಲ. ನಮ್ಮಲ್ಲಿ ಅಂಥ ಸಣ್ಣ ಮನಸ್ಸಿಲ್ಲ. ಸ್ಪಿರಿಟ್ಟಿಗೆ ಬಿಲ್ ಇದೆ, ಬಣ್ಣಕ್ಕೆ ಬಿಲ್ ಇದೆ, ಪರಿಮಳಕ್ಕೂ ಬಿಲ್ ಇದೆ. ಕಾಲಂ ತುಂಬಿ ಅಂಚಿನವರೆಗೂ ಬರೆದಿರುತ್ತದೆ. ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಖಾಲಿ ಕಾಲಂಗಳಿಂದ ಇಷ್ಟು ದುಡ್ಡು ಬರುತ್ತದಾ?

ಫೈಲು ಹೀಗೆ ನಿಂತಿರುವಾಗ ಚುನಾವಣೆ ಬಂತು. ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರಬಾರದು, ಹಂಚಬಾರದು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಟ್ಯಾಂಕಿನೊಳಗೆ ಹುದುಗಬಾರದು ಅಂತ ಅದರಲ್ಲಿಲ್ಲ. ಆದರೆ ಸೀಲ್ ಹಾಕಲು ಬಂದ ತಂಡದ ಕಿವಿಗೆ ಮೊದಲು ಬಿದ್ದದ್ದೇ ಸದ್ದು. ಟ್ಯಾಂಕಿನ ಮುಚ್ಚಳದಿಂದ ಒಂದು ಪ್ಲಾಸ್ಟಿಕ್ ಪೈಪು ಇಳಿದು ನೀರಿನ ಬಾಟಲಿಯಲ್ಲಿ ಮುಳುಗಿತ್ತು. ಒಳಗಿನ ಗ್ಯಾಸ್ ಹೊರಗೆ ಹೋಗಲಿ, ಹೊರಗಿನ ಗಾಳಿ ಒಳಗೆ ಬರದಿರಲಿ ಅಂತ. ಗುಳು, ಗುಳು, ಗುಳು.

"ಇದನ್ನ ಬಂದ್ ಮಾಡ್ರಿ."

"ಅದು ನಿಂದ್ರೂದಿಲ್ರಿ ಸಾಹೇಬ್ರ."

"ನೀತಿಸಂಹಿತಿ ಐತಿ. ನಿಂದ್ರಬೇಕು."

ಪೈಪನ್ನು ಮಡಚಿ, ದಾರ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಸದ್ದು ನಿಂತಿತು. ನಡುರಾತ್ರಿ ಪೈಪು, ದಾರ, ಮುದ್ರೆ ಎಲ್ಲವೂ ತಗಡಿನ ಚಾವಣಿಗೆ ಹಾರಿ ಹೊಡೆದವು. ಬೆಳಿಗ್ಗೆ ಪಂಚನಾಮೆ. ಸರ್ಕಾರಿ ಸೀಲ್ ಒಡೆದವರು ಯಾರು? ಇದು ಆ ಪಕ್ಷದವರ ಕೆಲಸ ಅಂತ ಈ ಪಕ್ಷದವರು, ಈ ಪಕ್ಷದವರದ್ದೇ ಅಂತ ಆ ಪಕ್ಷದವರು. ಕೊನೆಗೆ ಯೀಸ್ಟಿನ ಹೆಸರು ಕಾಗದಕ್ಕೆ ಏರಿತು. "ಯಾರೋ ಅಪರಿಚಿತರು."

ಕಾಕಾ ಪಾಠ ಕಲಿತರು. ಪೇಟೆಗೆ ಹೋಗಿ ಒಂದು ಪ್ಯಾಕೆಟ್ ಯೀಸ್ಟ್, ಒಂದು ಡಬ್ಬಿ ಸಲ್ಫೈಟ್, ಅಂದರೆ ಅದೇ ಗಂಧಕದ ಪುಡಿ, ಕೊಂಡರು. ಎರಡರ ಬಾಯಿಯನ್ನೂ ಬಿಚ್ಚದೆ ಕಪಾಟಿನ ಮೇಲಿಟ್ಟರು. ಬಿಲ್ಲನ್ನು ಅರ್ಜಿಗೆ ಹಚ್ಚಿದರು. ಕಾಲಂ ತುಂಬಿತು, ಫೈಲು ಓಡಿತು. ಹಾಕದ ಸಲ್ಫೈಟ್ ಅರ್ಜಿಯಲ್ಲಿ ಇದೆ ಅಂದಮೇಲೆ ಲೇಬಲ್ಲಿನ ಮೇಲೂ ಬರಬೇಕಲ್ವಾ? ಬಂತು.

ಮುಂದೆ ವೈನ್ ಮೇಳ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ವೇದಿಕೆಯಲ್ಲಿ ಹೇಳಿದರು. ಆರೋಗ್ಯಕ್ಕೆ ಹಾನಿಕರ ಅಂತ ಬಾಟಲಿಯಲ್ಲಿ ಬರೆದಿತ್ತು. ವೇದಿಕೆಯ ಗಣ್ಯರು ಮೋಸಂಬಿ ಜ್ಯೂಸ್ ಕುಡಿದರು. ಬೆಂಗಳೂರಿನಿಂದ ಬಂದ ಒಬ್ಬ ಹುಡುಗ ಕಾಕಾನ ಬಾಟಲಿ ತಿರುಗಿಸಿ ಓದಿದ. "ಛೇ, ಇದರಲ್ಲಿ ಸಲ್ಫೈಟ್ ಇದೆಯಲ್ಲ ಅಂಕಲ್. ನಾನು ನ್ಯಾಚುರಲ್ ಮಾತ್ರ ಕುಡಿಯೋದು." ಹಾಗಂದು ಫ್ರಾನ್ಸಿನ ಬಾಟಲಿ ಹುಡುಕುತ್ತಾ ಹೋದ. ಅಲ್ಲಿ 2020ರಲ್ಲಿ ನ್ಯಾಚುರಲ್ ವೈನಿಗೆ ಒಂದು ಲೇಬಲ್ ಮಾಡಿದ್ದಾರೆ. ಲೀಟರಿಗೆ 30 ಮಿಲಿಗ್ರಾಂ ಒಳಗೆ ಸಲ್ಫೈಟ್ ಇದ್ದರೂ ಆ ಲೇಬಲ್ ಸಿಗುತ್ತದೆ. ಒಂದು ಚೂರೂ ಸಲ್ಫೈಟ್ ಸೇರಿಸದ ಕಾಕಾ ತಮ್ಮ ಬಾಟಲಿಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿಕೊಂಡರು.

ಬಾಯಿ ಬಿಚ್ಚದ ಸಾಮಾನಾದರೂ ವಾಪಸ್ ಕೊಟ್ಟು ದುಡ್ಡು ತರೋಣ ಅಂತ ಮರುದಿನ ಪೇಟೆಗೆ ಹೋದರು. ಅಂಗಡಿಯವನು ಪ್ಯಾಕೆಟ್ಟನ್ನು ಹೊರಳಿಸಿ ನೋಡಿ, "ತಗೋಳೂಣ್ರಿ ಕಾಕಾ, ಬಿಲ್ ತಂದೀರೇನ್ರಿ?" ಅಂದ.

ಬಿಲ್ ಫೈಲಿನಲ್ಲಿತ್ತು.