ಪಡಸಾಲೆಯ ನಡುವೆ ಜಾಗವಿರಲಿ

ಕಳೆದ ಬೇಸಿಗೆಯ ಒಂದು ರಾತ್ರಿ ಎಂಟು ಗಂಟೆಗೆ ನಮ್ಮ ಮನೆಯ ಹಾಲಿನ, ಅಂದರೆ ಈಗಿನ ಪಡಸಾಲೆಯ, ಪಡುವಣ ಗೋಡೆಯ ಮೇಲೆ ಕೈಯಿಟ್ಟು ನೋಡಿದೆ. ಹೊತ್ತು ಮುಳುಗಿ ಒಂದು ತಾಸಿನ ಮೇಲಾಗಿದ್ದರೂ, ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚು ಆರುತ್ತಿರುವಾಗ ಇರುವಂಥ ಬಿಸಿ ಆ ಗೋಡೆಯಲ್ಲಿ ಇನ್ನೂ ಉಳಿದಿತ್ತು. ಅದೇ ಗೋಡೆಗೆ ಬೆನ್ನು ಹಚ್ಚಿ, ಅದರಲ್ಲಿದ್ದ ನಾಲ್ಕು ಅಡಿ ಅಗಲದ ಕಿಟಕಿಯನ್ನು ಅರ್ಧ ಮುಚ್ಚಿ, ನಾವು ಮೂರು ವರ್ಷದ ಹಿಂದೆ ತಂದ ಎಲ್ ಆಕಾರದ ಸೋಫಾ ಕುಳಿತಿತ್ತು. ಮನೆಮಂದಿಯೆಲ್ಲ ಸಂಜೆ ಬಂದು ಕೂಡುವ ಒಂದೇ ಜಾಗವನ್ನು, ಇಡೀ ಮನೆಯಲ್ಲಿ ಅತಿ ಹೆಚ್ಚು ಕಾದಿರುವ ಗೋಡೆಯ ಪಕ್ಕದಲ್ಲಿ ನಾವೇ ಮಾಡಿಕೊಂಡಿದ್ದೆವು ಎಂಬುದು ನನಗೆ ಅಂದು ಹೊಳೆಯಿತು.

ರಾಯಚೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಆದರೆ ಹಾಲಿನಲ್ಲಿ ಯಾವುದನ್ನು ಎಲ್ಲಿಡಬೇಕು ಎಂದು ಯೋಚಿಸುವಾಗ ನಾವು ಈ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅಂಗಡಿಯಲ್ಲಿ ಜೋಡಿಸಿಟ್ಟದ್ದನ್ನು ಅಥವಾ ಮೊಬೈಲಿನಲ್ಲಿ ಕಂಡ ಚಿತ್ರವನ್ನು ಹಾಗೆಯೇ ಮನೆಗೆ ತರುತ್ತೇವೆ. ನಾವು ಸೋಫಾ ಕೊಂಡ ಅಂಗಡಿಯವರು ಹಾಲಿನ ಅಳತೆಯನ್ನು ಕೇಳಿದರೇ ಹೊರತು ಕಿಟಕಿ ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಕೂಲರ್ ಎಲ್ಲಿಡುತ್ತೀರಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೂಲೆ ತುಂಬಬೇಕು, ಗೋಡೆ ಬರಿದಾಗಿ ಕಾಣಬಾರದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಕೂಲರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಹಾಲಿನ ಜೋಡಣೆ ಅದರಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೂಲರ್ ಎಸಿಯಂತೆ ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುವುದಿಲ್ಲ. ಹೊರಗಿನ ಒಣಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದುಕೊಂಡಾಗ, ನೀರು ಆವಿಯಾಗುತ್ತ ಆ ಗಾಳಿಯ ಬಿಸಿಯನ್ನು ಹೀರುತ್ತದೆ. ಆದ್ದರಿಂದ ಅದರ ಬೆನ್ನು ಕಿಟಕಿಯ ಕಡೆಗೆ ಇರಬೇಕು, ಮತ್ತು ಒಳಗೆ ಬಂದ ಹಸಿ ಗಾಳಿ ಹೊರಗೆ ಹೋಗಲು ಎದುರಿನ ಬಾಗಿಲೋ ಕಿಟಕಿಯೋ ಸ್ವಲ್ಪವಾದರೂ ತೆರೆದಿರಬೇಕು. ಕಿಟಕಿಯ ಮುಂದೆ ಸೋಫಾ ಇದ್ದುದರಿಂದ ನಾವು ಕೂಲರನ್ನು ಒಳಗಡೆ ಒಂದು ಮೂಲೆಯಲ್ಲಿಟ್ಟು, ತಂಪು ಹೊರಗೆ ಹೋಗದಿರಲಿ ಎಂದು ಎಲ್ಲ ಬಾಗಿಲುಗಳನ್ನು ಮುಚ್ಚಿಕೊಂಡು ಕೂಡುತ್ತಿದ್ದೆವು. ಒಂದು ತಾಸಿನೊಳಗೆ ಮೈಯೆಲ್ಲ ಅಂಟಂಟಾಗಿ, ಮಂದಿ ಕೂಲರನ್ನು ಬೈಯುತ್ತಿದ್ದರು. ತಪ್ಪು ಕೂಲರಿನದಲ್ಲ, ಸೋಫಾ ಇಟ್ಟ ಜಾಗದ್ದು.

ಎರಡನೆಯ ತೊಂದರೆ ಅವ್ವನದು. ಅವರಿಗೆ ಮೊಣಕಾಲು ನೋವು. ಹೊಸ ಸೋಫಾದ ಮೇಲೆ ಮೊದಲ ದಿನ ಕೂತು ಏಳಲು ಹೋದಾಗ ಎರಡು ಸಲ ಹಿಂದಕ್ಕೆ ಬಿದ್ದು, ಮೂರನೆಯ ಸಲ ನನ್ನ ಕೈ ಹಿಡಿದು ಎದ್ದರು. “ತಮ್ಮಾ, ಇದರಾಗ ಕುಂತ್ರ ಏಳಾಕ ಆಗಂಗಿಲ್ಲ ನೋಡು,” ಎಂದು ಮೆಲ್ಲಗೆ ಹೇಳಿ ಸುಮ್ಮನಾದರು. ಆಮೇಲೆ ಅಳೆದು ನೋಡಿದರೆ ಅದರ ಎತ್ತರ ಹದಿನಾರು ಇಂಚು, ಕೂತ ಮೇಲೆ ಒಳಗೆ ಇಳಿಯುವುದು ಇನ್ನೂ ಎರಡು ಮೂರು ಇಂಚು. ಮೊಣಕಾಲು ಸೊಂಟಕ್ಕಿಂತ ಮೇಲಕ್ಕೆ ಬಂದರೆ ವಯಸ್ಸಾದವರಿಗೆ ಏಳುವುದು ಕಷ್ಟವಾಗುತ್ತದೆ. ಅವರಿಗೆ ಹದಿನೆಂಟು ಇಂಚಿಗೆ ಕಡಿಮೆಯಿಲ್ಲದ, ಒಳಕ್ಕೆ ಇಳಿಯದ, ಎರಡೂ ಕಡೆ ಕೈಯೂರಲು ಗಟ್ಟಿಯಾದ ಹಿಡಿಕೆಗಳಿರುವ ಕುರ್ಚಿ ಬೇಕು. ಅಂಥದೊಂದು ಸಾಗವಾನಿ ಕುರ್ಚಿ ಅಪ್ಪನ ಕಾಲದಿಂದ ಮನೆಯಲ್ಲಿಯೇ ಇತ್ತು. ಸೋಫಾ ಬಂದ ದಿನ, ಹೊಸದರ ಜೊತೆ ಅದು ಒಪ್ಪುವುದಿಲ್ಲವೆಂದು, ನಾನೇ ಅದನ್ನು ಮಾಳಿಗೆಯ ಮೇಲಿನ ತಗಡಿನ ಶೆಡ್ಡಿಗೆ ಸಾಗಿಸಿದ್ದೆ. ಈ ಮಾತನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಏನಿತ್ತು ಎಂದು ನೆನೆಸಿಕೊಂಡರೆ, ಏನೂ ಇರಲಿಲ್ಲ ಎನ್ನಬಹುದು. ದಪ್ಪ ಗೋಡೆ, ಮೇಲೆ ಜಂತಿ, ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಕೆಳಗೆ ಶಹಾಬಾದ್ ಕಲ್ಲಿನ ನೆಲ. ಗೋಡೆಯ ಗೂಡುಗಳಲ್ಲಿ ದೀಪ, ಪಂಚಾಂಗ, ಅಡಕೆಲೆಯ ಚೀಲ, ಗೂಟಕ್ಕೆ ಟವೆಲ್ಲು. ಒಂದು ಬದಿಗೆ ಹೊರಸು. ಬೀಗರು ಬಂದರೆ ಮಡಚಿಟ್ಟ ಜಮಖಾನ ಬಿಚ್ಚಿ ಹಾಸಿ, ಗೋಡೆಗೆ ಲೋಡು ಆನಿಸುತ್ತಿದ್ದರು. ಅವರು ಎದ್ದು ಹೋದ ಮೇಲೆ ಅದೇ ನೆಲದ ಮೇಲೆ ಜೋಳ ಹಸನು ಮಾಡುವುದು, ಕೌದಿ ಹೊಲಿಯುವುದು, ರಾತ್ರಿ ಮಲಗುವುದು ಎಲ್ಲವೂ ನಡೆಯುತ್ತಿತ್ತು. ಬಡತನದಿಂದಲೇ ಹಾಗಿತ್ತು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕು ಜೋಡಿ ಎತ್ತುಗಳಿದ್ದ ಗೌಡರ ಪಡಸಾಲೆಯೂ ನಡುವೆ ಬಯಲಾಗಿಯೇ ಇತ್ತು.

ಇಂದಿನ ಹಾಲಿನಲ್ಲೂ ನಡುವಿನ ಜಾಗವೇ ಮುಖ್ಯವಾದದ್ದು. ಫ್ಯಾನು ಇರುವುದು ನಡುವೆ, ಅದರ ಗಾಳಿ ಜೋರಾಗಿ ಬೀಳುವುದು ನೇರ ಅದರ ಕೆಳಗೆ. ಆ ಜಾಗದಲ್ಲಿ ನಾವು ಗಾಜಿನ ಟೀಪಾಯಿ ಇಟ್ಟು, ಮನುಷ್ಯರನ್ನು ಗೋಡೆಯ ಅಂಚಿಗೆ ತಳ್ಳುತ್ತೇವೆ. ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಮಕ್ಕಳು ಎಲ್ಲಿಗೆ ಓಡಿ ಬಂದು ಮಲಗುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು, ಮನೆಯ ನಿಜವಾದ ಕೂಡುವ ಜಾಗ ಯಾವುದೆಂದು ತಿಳಿಯುತ್ತದೆ.

ಮರುದಿನ ಭಾನುವಾರ ಇಡೀ ಮನೆ ಸೇರಿ ಕೆಲಸಕ್ಕೆ ನಿಂತೆವು. ನಮ್ಮ ಹಾಲು ಉದ್ದ ಹದಿನಾರು ಅಡಿ, ಅಗಲ ಹನ್ನೆರಡು. ತಲೆಬಾಗಿಲು ಮೂಡಣಕ್ಕೆ, ಅಡುಗೆಮನೆಯ ಬಾಗಿಲು ಬಡಗಣ ಗೋಡೆಯ ತುದಿಗೆ. ಭಾರವಾದ ಸಾಮಾನನ್ನು ಎಳೆದಾಡುವ ಮೊದಲು, ಅದರ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಅದರ ಸುತ್ತ ಒಮ್ಮೆ ನಡೆದಾಡಿದೆವು. ತುಂಬಿದ ಕೊಡ ಹಿಡಿದು ಒಬ್ಬರು ಹೋಗುವ ದಾರಿಗೆ ಎರಡೂವರೆಯಿಂದ ಮೂರು ಅಡಿ ಬೇಕಾಗುತ್ತದೆ ಎಂಬುದು ಹೀಗೆ ನಡೆದಾಗಲೇ ಗೊತ್ತಾಗುತ್ತದೆ. ಸೋಫಾದ ಎರಡು ಭಾಗಗಳನ್ನು ಬೇರ್ಪಡಿಸಿ, ಗಿಡ್ಡ ಭಾಗವನ್ನು ಒಳಕೋಣೆಗೆ ಕಳಿಸಿ, ಉದ್ದದ ಭಾಗವನ್ನು ತೆಂಕಣ ಗೋಡೆಗೆ ಹಾಕಿದೆವು. ಮೂಡಣ ಗೋಡೆಯ ಮೇಲಿದ್ದ ಟಿವಿ ಬಡಗಣ ಗೋಡೆಗೆ ಬಂತು. ಮೊದಲು ಹದಿಮೂರು ಅಡಿ ದೂರದಿಂದ ನೋಡುತ್ತಿದ್ದ 43 ಇಂಚಿನ ಟಿವಿ ಈಗ ಒಂಬತ್ತು ಅಡಿಗೆ ಬಂದಿದೆ. ಪರದೆಯ ಕರ್ಣದ ಅಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು ದೂರದಲ್ಲಿ ಕೂಡುವುದು ಕಣ್ಣಿಗೆ ಹಿತ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕಕ್ಕೂ ಇದು ಕೂಡುತ್ತದೆ. ಪಡುವಣ ಬಿಸಿಲು ನೇರವಾಗಿ ಪರದೆಗೆ ಬಿದ್ದು ಹೊಳೆಯುವುದೂ ತಪ್ಪಿತು. ಟೀಪಾಯಿಯ ಬದಲು ಎರಡು ಸ್ಟೂಲುಗಳು ಸೋಫಾದ ಪಕ್ಕದಲ್ಲಿವೆ. ಶೋಕೇಸನ್ನು ತೆಗೆದೆವು. ಅದರಲ್ಲಿದ್ದ ಕಿನ್ನಾಳದ ಮರದ ಗೊಂಬೆಯೊಂದನ್ನು ಮಾತ್ರ ಗೋಡೆಯ ಗೂಡಿನಲ್ಲಿಟ್ಟಿದ್ದೇವೆ, ಅದು ಈಗಲೇ ಹೆಚ್ಚು ಚೆನ್ನಾಗಿ ಕಾಣುತ್ತದೆ.

ನೈಋತ್ಯದಲ್ಲಿ ಭಾರವಿರಬೇಕು, ಸೋಫಾ ಕದಲಿಸಬಾರದು ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ವಾಸ್ತುವನ್ನು ನಂಬುವವರ ಮನಸ್ಸನ್ನು ನೋಯಿಸುವುದು ನನಗೆ ಇಷ್ಟವಿಲ್ಲ. ಆ ಮೂಲೆಯಲ್ಲಿ ಕಬ್ಬಿಣದ ಅಲ್ಮಾರಿಯನ್ನು ನಿಲ್ಲಿಸಿದ್ದೇವೆ, ಅವರಿಗೂ ಸಮಾಧಾನವಾಗಿದೆ, ಕಿಟಕಿಯೂ ಬಿಡುವಾಗಿದೆ. ಯಾವ ಶಾಸ್ತ್ರವೂ ಗಾಳಿ ಬರುವ ಕಿಟಕಿಯನ್ನು ಮುಚ್ಚಿರೆಂದು ಹೇಳಿರಲಾರದು ಎಂದು ನಾನು ನಂಬಿದ್ದೇನೆ.

ಅಪ್ಪನ ಕುರ್ಚಿ ಶೆಡ್ಡಿನಿಂದ ಇಳಿದು, ತಲೆಬಾಗಿಲು ಮತ್ತು ಅಡುಗೆಮನೆ ಎರಡೂ ಕಾಣುವ ಜಾಗದಲ್ಲಿ ಕೂತಿದೆ. ಅವ್ವ ಈಗ ಯಾರ ಕೈಯನ್ನೂ ಹಿಡಿಯದೆ ಏಳುತ್ತಾರೆ. ಬಂದವರನ್ನು ಮೊದಲು ಮಾತನಾಡಿಸುವವರೂ ಅವರೇ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಾಲಿನ ಜೋಡಣೆ ಗೃಹಪ್ರವೇಶದ ನಂತರ ನಿರ್ಧಾರವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಗೋಡೆಯೊಳಗೆ ವೈರಿನ ಪೈಪು ಕೂಡಿಸುವ ದಿನವೇ ನಿರ್ಧಾರವಾಗಿಬಿಡುತ್ತದೆ. ಟಿವಿಯ ಪಾಯಿಂಟು ಎಲ್ಲಿ ಬಂತೋ ಅದರ ಎದುರು ಸೋಫಾ, ಸೋಫಾದ ಹಿಂದೆ ಏನಿದ್ದರೂ ಮುಚ್ಚಿಹೋಗಬೇಕು. ನಮ್ಮ ಟಿವಿಯನ್ನು ಸರಿಸಲು ಗೋಡೆ ಕೊರೆಸಿ, ಪುನಃ ಪ್ಲಾಸ್ಟರ್ ಮಾಡಿಸಿ, ಬಣ್ಣ ಹಚ್ಚಿಸಬೇಕಾಯಿತು. ಸಿಂಧನೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಮೊನ್ನೆ ಅಲ್ಲಿಗೆ ಹೋದಾಗ ಇನ್ನೂ ಗಿಲಾವು ಆಗದ ಗೋಡೆಗಳ ನಡುವೆ ನಿಂತು, ಅವನ ಅತ್ತೆಯವರು ಎಲ್ಲಿ ಕೂಡುತ್ತಾರೆ, ಮಕ್ಕಳು ಎಲ್ಲಿ ಮಲಗುತ್ತಾರೆ ಎಂದು ಕೇಳಿ ಕೇಳಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಪಡುವಣ ಕಿಟಕಿಯ ಹೊರಗೆ ಕೂಲರಿನ ಸ್ಟ್ಯಾಂಡಿಗೆಂದು ಒಂದು ಚಪ್ಪಡಿ, ಅದರ ಪಕ್ಕದಲ್ಲಿ ಪ್ಲಗ್ಗು ಮತ್ತು ನೀರಿನ ನಲ್ಲಿ ಕೊಡಬೇಕೆಂದು ಎಲೆಕ್ಟ್ರಿಷಿಯನ್‌ಗೂ ಮೇಸ್ತ್ರಿಗೂ ಅಲ್ಲೇ ಗೋಡೆಯ ಮೇಲೆ ಗುರುತು ಹಾಕಿ ತೋರಿಸಿ ಬಂದಿದ್ದೇವೆ.