ಐದು ಸ್ಟಾರ್ ಇದ್ದರೆ ಮೂರನೇ ಸಾಲೂ ಅಷ್ಟೇ ಸೇಫಾ?

ಏಳು ಸೀಟಿನ ಕಾರು ಕೊಳ್ಳೋಣ ಅಂತ ಮಾತೆತ್ತಿದರೆ ಸಾಕು, ಮನೆಯವರ ಗ್ರೂಪಿಗೆ ಒಂದು ಮೆಸೇಜ್ ಬರುತ್ತದೆ. ಕ್ರ್ಯಾಶ್ ಟೆಸ್ಟಿನಲ್ಲಿ ಐದು ಸ್ಟಾರ್ ಸಿಕ್ಕಿದ್ದರೆ ಯಾವ ಸೀಟಿನಲ್ಲಿ ಕೂತರೂ ಒಂದೇ ರಕ್ಷಣೆ ಅಂತ. ಕಳಿಸುವವರದು ಕಾಳಜಿಯೇ. ಆದರೆ ಆ ಮಾತು ಸರಿಯಲ್ಲ.

ಭಾರತದ್ದೇ ಆದ, ಸ್ಟಾರ್ ಕೊಡುವ ಕ್ರ್ಯಾಶ್ ಟೆಸ್ಟ್ ‘ಭಾರತ್ ಎನ್‌ಕ್ಯಾಪ್’ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಆ ಟೆಸ್ಟಿನ ನಿಯಮದ ಪ್ರಕಾರ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರಿನಿಂದ ಗುದ್ದಿಸುತ್ತಾರೆ. ದೊಡ್ಡವರ ಅಳತೆಯ ಗೊಂಬೆಗಳು ಮುಂದಿನ ಎರಡು ಸೀಟಿನಲ್ಲಿರುತ್ತವೆ. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳು ಎರಡನೇ ಸಾಲಿನಲ್ಲಿ, ಚೈಲ್ಡ್ ಸೀಟಿನೊಳಗೆ. ಮೂರನೇ ಸಾಲಿನಲ್ಲಿ ಗೊಂಬೆಯೇ ಇರುವುದಿಲ್ಲ. ಹಾಗಂತ ಅಲ್ಲಿ ಕೂರುವುದೇ ಅಪಾಯ ಅಂತಲ್ಲ. ಅಲ್ಲಿ ಕೂತವರಿಗೆ ಏನಾಗುತ್ತದೆ ಅನ್ನುವುದನ್ನು ಆ ಸ್ಟಾರ್ ಅಳೆದಿಲ್ಲ, ಅಷ್ಟೇ.

ನೀವೇ ಪರೀಕ್ಷಿಸಬಹುದು. ಟೆಸ್ಟ್ ಆದ ಕಾರಿನ ವರದಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ದೊಡ್ಡವರ ರಕ್ಷಣೆಗೆ 32ಕ್ಕೆ ಎಷ್ಟು, ಮಕ್ಕಳ ರಕ್ಷಣೆಗೆ 49ಕ್ಕೆ ಎಷ್ಟು ಅಂತ ಬೇರೆ ಬೇರೆ ಅಂಕ ಇರುತ್ತದೆ. ಗೊಂಬೆಗಳು ಎಲ್ಲಿ ಕೂತಿದ್ದವು ಅನ್ನುವುದನ್ನೂ ನೋಡಿ.

ಆಮೇಲೆ ಶೋರೂಮಿಗೆ ಹೋದಾಗ ಸುಮ್ನೆ ಮುಂದಿನ ಸೀಟಿನಲ್ಲೇ ಕೂತು ಬರಬೇಡಿ. ಹಿಂದೆ ಹತ್ತಿ ಕೂತುಕೊಳ್ಳಿ. ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ? ಹೆಡ್‌ರೆಸ್ಟ್ ತಲೆಯ ಎತ್ತರಕ್ಕೆ ಬರುತ್ತದಾ? ತಲೆಗೂ ಹಿಂದಿನ ಗಾಜಿಗೂ ಎಷ್ಟು ಜಾಗ ಇದೆ? ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಸಾಮಾನ್ಯವಾಗಿ ಎರಡನೇ ಸಾಲಿನಲ್ಲೇ ಇರುತ್ತದೆ. ಚಿಕ್ಕ ಮಗು ಅಲ್ಲೇ ಕೂರಲಿ.